ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ

ಡಿಸೆಂಬರ್ 9, ಸೋಮವಾರ. ಬೆಳಿಗ್ಗೆ 6.10

ಹುಳುಮನೆಯೊಳಗೆ 21 ಡಿಗ್ರಿ. ಬೇಕಾದದ್ದು 27. ಎದ್ದಾಗಿನಿಂದ ಎರಡು ಸಲ ಅಗ್ಗಿಷ್ಟಿಕೆಗೆ ಇದ್ದಿಲು ಸುರಿದೆ. ಕೈ ಕಪ್ಪು, ಮೂಗು ಕಪ್ಪು, ಸೆರಗು ಕಪ್ಪು. ಶಾಖ ಮಾತ್ರ ಇಲ್ಲ. ಹೊರಗೆ ಮಂಜು — ನಲ್ಲೂರಿನ ಹುಣಸೆತೋಪು ಯಾವ ದಿಕ್ಕಿಗಿದೆ ಅಂತಲೇ ತಿಳಿಯುತ್ತಿಲ್ಲ.

ಹೊಸ ರಿಜಿಸ್ಟರ್ ಇವತ್ತು ಶುರು. ರಟ್ಟಿನ ಮೇಲೆ ಬರೆದಾಯ್ತು: ಪ್ರಮೋದಾ ದೇವರಾಜ್, ಚಾಕಿ ರೇಷ್ಮೆಹುಳು ಸಾಕಾಣಿಕೆ. ಎಳೆ ಮರಿ ಬೆಳೆಸಿ ರೈತರಿಗೆ ಕೊಡುವ ಕೆಲಸ. ಮುಂದಿನಿಂದ ಹುಳದ್ದು — ಶಾಖ, ತೇವ, ಎಷ್ಟು ಗಂಟೆಗೆ ಸೊಪ್ಪು. ಹಿಂದಿನಿಂದ ತಿರುವಿದರೆ ನನ್ನದು. ಹನ್ನೆರಡು ವರ್ಷದಿಂದ ಹೀಗೇ. ನಮ್ಮ ಯಜಮಾನರಿಗೆ ಗೊತ್ತು, ಮುಟ್ಟುವುದಿಲ್ಲ. ಅತ್ತೆಗೆ ಅಕ್ಷರ ಬರುವುದಿಲ್ಲ. ನಿಶ್ಚಿಂತೆ.

ಮೊಟ್ಟೆ ಒಡೆದಿವೆ. ಹಾಳೆಯ ತುಂಬಾ ಕಪ್ಪು ಕೂದಲಿನ ಚೂರುಗಳು. ಒಂದೊಂದೂ ಬಾಯಿ ಇಟ್ಟುಕೊಂಡೇ ಹುಟ್ಟಿದೆ! ಸೊಪ್ಪು ಸಣ್ಣಗೆ ಹೆಚ್ಚಿ ಉದುರಿಸಿದೆ, ಎಲ್ಲ ಒಟ್ಟಿಗೆ ತಲೆ ತಿರುಗಿಸಿದವು. ಯಾರು ಹೇಳಿಕೊಟ್ಟರು ಇವಕ್ಕೆ? ಇಷ್ಟು ವರ್ಷ ಆದರೂ ಮರಿ ಎದ್ದ ದಿನ ಒಂದು ಗಳಿಗೆ ಕೈಕಟ್ಟಿ ನಿಂತುಬಿಡುತ್ತೇನೆ. ಇವರು ನೋಡಿ ನಗುತ್ತಾರೆ. ನಗಲಿ.

ಅದೇ ದಿನ. ಸಂಜೆ 5

ವಿಜಯಪುರದ ಆದಿನಾರಾಯಣಪ್ಪ ಬಂದು ಗ್ಯಾಸ್ ಹೀಟರ್ ಕೂರಿಸಿ ಹೋದರು. ಈ ಕಡೆಯ ಹುಳುಮನೆಗಳಿಗೆಲ್ಲ ಅವರೇ. ವಯಸ್ಸು ಅರವತ್ತೈದು, ಬಾಯಿ ಇಪ್ಪತ್ತೈದು. ಮೊದಲು ಹೀಟರ್ ಮುಟ್ಟಲೇ ಇಲ್ಲ. ಗೋಡೆ ಮುಟ್ಟಿದರು. ಡ್ರಿಲ್ಲು, ಉಳಿ ಹಿಡಿದು ನೆಲದ ಹತ್ತಿರ ಒಂದು ಕಿಂಡಿ, ಎದುರು ಗೋಡೆಯಲ್ಲಿ ಸೂರಿನ ಹತ್ತಿರ ಒಂದು ಕಿಂಡಿ.

"ಪ್ರಮೋದಮ್ಮ, ಇದಕ್ಕೆ ಚಿಮಣಿ ಇಲ್ಲ, ಕೊಳವೆ ಇಲ್ಲ. ಉರಿದಿದ್ದೆಲ್ಲಾ ಒಳಗೇ ಬೀಳ್ತದೆ. ಅದಕ್ಕೇ ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ. ಎಂಥಾ ಚಳಿ ಇದ್ರೂ ಮುಚ್ಚಂಗಿಲ್ಲ."

"ಶಾಖ ಎಲ್ಲಾ ಆಚೆ ಹೋಗಲ್ವಾ ಅಣ್ಣಾ?"

"ಸ್ವಲ್ಪ ಹೋಗ್ಲಿ ಬಿಡಮ್ಮಾ. ಬೆಂಕಿಗೂ ಉಸಿರು ಬೇಕು, ಹುಳಕ್ಕೂ ಉಸಿರು ಬೇಕು. ಇಬ್ರೂ ಒಂದೇ ತಟ್ಟೇಲಿ ಉಣ್ಣೋರು. ಈ ಇದ್ದಿಲು ಗಿದ್ದಿಲು ಬಿಟ್ಬಿಡಿ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ."

ಸಿಲಿಂಡರ್ ಹೊರಗೆ, ನೆರಳಿನಲ್ಲಿ. ಪೈಪು ಗೋಡೆಯೊಳಗಿಂದ. ಜೋಡಣೆ ಇರುವಲ್ಲೆಲ್ಲ ಸೋಪಿನ ನೀರು ಸವರಿ, ಗುಳ್ಳೆ ಏಳುತ್ತಾ ಅಂತ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಒಂದು ಸಣ್ಣ ನೀಲಿ ಉರಿ ತೋರಿಸಿದರು. ಮಲ್ಲಿಗೆ ಮೊಗ್ಗಿನಷ್ಟು. "ಇದು ಪೈಲಟ್. ಕಾವಲಿನ ದೀಪ. ಇದು ಆರಿದ್ರೆ ಗ್ಯಾಸು ತಾನಾಗೇ ನಿಂತ್ಹೋಯ್ತದೆ."

"ಗಾಳಿಗೆ ಆರಿದ್ರೆ ಅಂತಲಾ?" ಅಂದೆ. ಅಷ್ಟರಲ್ಲಿ ಅವರ ಫೋನು. "ಹೂಂ, ಅದೂ ಸೇರ್ಕಂಡು…" ಅನ್ನುತ್ತಾ ಹೊರಗೆ ಹೋದರು.

ಈಗ 27. ಹೊಗೆ ಇಲ್ಲ, ಕೆಮ್ಮು ಇಲ್ಲ, ಮಸಿ ಇಲ್ಲ. ಅಬ್ಬಾ! ಮೇಲಿನ ಕಿಂಡಿಗೆ ಒಂದು ರೇಷ್ಮೆ ಎಳೆ ಕಟ್ಟಿದ್ದೇನೆ, ಗಾಳಿ ಓಡಾಡುತ್ತಿದೆಯಾ ಅಂತ ತಿಳಿಯಲು. ಕುಣಿಯುತ್ತಿದೆ.

ಡಿಸೆಂಬರ್ 13, ಶುಕ್ರವಾರ

ಮರಿಗಳು ಮೊದಲ ಜ್ವರಕ್ಕೆ ಕೂತಿವೆ. ತಿನ್ನುವುದು ಬಿಟ್ಟು, ತಲೆ ಎತ್ತಿ, ಎಲ್ಲವೂ ಒಂದೇ ಸಲ ಮೌನ. ನಾಳೆ ಪೊರೆ ಬಿಟ್ಟು ಏಳುತ್ತವೆ. ಮಗಳು ಸಿಂಚನ ಬಾಗಿಲಲ್ಲಿ ನಿಂತು ಇಣುಕಿದಳು, ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು. "ಅಮ್ಮ, ಇವು ನನ್ಗಿಂತ ಆರಾಮಾಗಿದಾವೆ." ಕಾಲು ಊದಿದೆ ಅವಳಿಗೆ. ಡೇಟು ಇನ್ನೂ ಐದು ವಾರ ಇದೆ.

ಡಿಸೆಂಬರ್ 15, ಭಾನುವಾರ. ಆಸ್ಪತ್ರೆ

ಐದು ವಾರ ಎಲ್ಲಿ ಬಂತು. ನಿನ್ನೆ ಮಧ್ಯಾಹ್ನವೇ ಹೆರಿಗೆ. ಹೆಣ್ಣು. ಒಂದು ಕೆಜಿ ಒಂಬೈನೂರು.

ಗಾಜಿನಾಚೆಯಿಂದ ನೋಡಿದೆ. ಹಿಪ್ಪುನೇರಳೆ ಚಿಗುರಿನ ತೊಟ್ಟಿನಷ್ಟು ಬೆರಳು. ಅದರ ತುದಿಗೆ ಉಗುರು! ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಸಣ್ಣ ಉಗುರು ಕೂರಿಸಿದವರು ಯಾರು ಶಿವನೇ. ಅಳಿಯ ನಂದೀಶ್ ಹೊಸಕೋಟೆಯಿಂದ ಓಡಿ ಬಂದವನು ಗಾಜಿಗೆ ಹಣೆ ಒತ್ತಿ ನಿಂತ.

ಅತ್ತೆ ಮಾತ್ರ ನೋಡಲಿಲ್ಲ. ಬೆಂಚಿನ ಮೇಲೆ ಕೂತು ಒಂದೇ ಮಾತು: "ಮನೆಗ್ ಬರ್ಲಿ. ನಾನ್ ನೋಡ್ಕೋತೀನಿ."

ಡಿಸೆಂಬರ್ 22, ಭಾನುವಾರ

ಮನೆಗೆ ಬಂದರು. ಡಾಕ್ಟರ್ ಮೇಡಂ ಕೂರಿಸಿಕೊಂಡು ಹೇಳಿದರು: ಮಗು ಸಣ್ಣದು, ಕೊಬ್ಬಿಲ್ಲ, ತನ್ನ ಶಾಖ ತಾನು ಹಿಡಿದುಕೊಳ್ಳುವುದಿಲ್ಲ. ಎದೆಗೆ ಅಪ್ಪಿ ಇಟ್ಟುಕೊಳ್ಳಿ, ಕೋಣೆ 26ರಿಂದ 28 ಇರಲಿ.

ನಗು ಬಂದುಬಿಟ್ಟಿತು. ಮೇಡಂ ಯಾಕಮ್ಮಾ ಅಂದರು. ಏನಿಲ್ಲ ಮೇಡಂ ಅಂದೆ. ನನ್ನ ಹುಳಕ್ಕೂ ಇದೇ ಲೆಕ್ಕ! ಕೂದಲಿನಷ್ಟು ಹುಳಕ್ಕೂ ಮನುಷ್ಯರ ಕೂಸಿಗೂ ಒಂದೇ ಶಾಖ. ಮನೆ ತನಕ ಅದನ್ನೇ ಯೋಚಿಸುತ್ತಾ ಬಂದೆ.

ಅತ್ತೆ ಅಷ್ಟರಲ್ಲಿ ಬಾಣಂತಿ ಕೋಣೆ ಸಿದ್ಧ ಮಾಡಿದ್ದರು. ಅಟ್ಟದಿಂದ ಅವರ ಹಳೆಯ ಬಟ್ಟೆ ಗಂಟು ಇಳಿದಿತ್ತು. ಯಾರ ಬಾಣಂತನವಾದರೂ ಅದೇ ಗಂಟು. ಹಳೆ ಸೀರೆ ತುಂಡು, ಪಂಚೆ ತುಂಡು, ಎಲ್ಲ ಕಿಟಕಿ ಸಂದಿಗೆ, ಬಾಗಿಲ ಕೆಳಗೆ, ವೆಂಟಿಲೇಟರಿಗೆ. ಎಂಬತ್ತು ವರ್ಷದ ಮುದುಕಿ ಸ್ಟೂಲು ಹತ್ತಿ ತುರುಕಿದ್ದಾರೆ. ಗಂಗಲಕ್ಷ್ಮಮ್ಮ ಬಾಣಂತನ ಮಾಡಿದರೆ ಇರುವೆಗೂ ಒಳಗೆ ದಾರಿಯಿಲ್ಲ ಅಂತ ಊರಲ್ಲಿ ಮಾತೇ ಇದೆ. ನನ್ನ ಬಾಣಂತನದಲ್ಲೂ ಹಾಗೇ — ಹಳೆಯ ಹೆಂಚಿನ ಮನೆ, ಕತ್ತಲು, ಕೆಂಡ, ಸಾಂಬ್ರಾಣಿ. ನಲವತ್ತು ದಿನ ಸೂರ್ಯನ ಮುಖ ನೋಡಿರಲಿಲ್ಲ.

ಡಿಸೆಂಬರ್ 23, ಸೋಮವಾರ. ಮಧ್ಯಾಹ್ನ 12

ಹುಳು ಎರಡು ಜ್ವರ ದಾಟಿ ಹೋದ ವಾರವೇ ರೈತರ ಮನೆ ಸೇರಿವೆ. ಹುಳುಮನೆ ತೊಳೆದು ಖಾಲಿ. ಹೊಸ ಮೊಟ್ಟೆ ಬರುವುದು 26ಕ್ಕೆ. ಅಲ್ಲಿಯವರೆಗೆ ಹೀಟರ್ ಯಾಕೆ ಸುಮ್ಮನೆ ಕೂರಬೇಕು? ನಾನೇ ಇವರ ಕೈಯಲ್ಲಿ ಹೊರಿಸಿ ಬಾಣಂತಿ ಕೋಣೆಗೆ ತಂದೆ. ನನ್ನದೇ ಐಡಿಯಾ. ಹೆಮ್ಮೆ ಬೇರೆ.

ಸಿಲಿಂಡರ್ ಹೊರಗೆ ಇಟ್ಟು ಕಿಟಕಿ ಮೂಲೆಯಿಂದ ಪೈಪು ಎಳೆದೆವು. ಸೋಪಿನ ನೀರು ಸವರಿದೆ, ಗುಳ್ಳೆ ಇಲ್ಲ. ಪೈಪಿನ ಸುತ್ತ ಉಳಿದ ಸಂದಿಗೆ ಅತ್ತೆ ತಕ್ಷಣ ಬಟ್ಟೆ ತುರುಕಿದರು.

"ಅತ್ತೆ, ಮೇಲ್ಗಡೆ ವೆಂಟಿಲೇಟರ್ ಒಂದು ಸ್ವಲ್ಪ…"

"ಹುಳ ಸಾಕೋದು ನಿಂಗೊತ್ತು. ಕೂಸು ಸಾಕೋದು ನಂಗೊತ್ತು."

ಬಾಯಿ ಮುಚ್ಚಿಕೊಂಡೆ. ಹುಳುಮನೆಯಲ್ಲಿ ನನ್ನ ಮಾತು, ಬಾಣಂತಿ ಕೋಣೆಯಲ್ಲಿ ಅವರ ಮಾತು. ಹೀಗೆ ಹಂಚಿಕೊಂಡೇ ಮೂವತ್ತು ವರ್ಷ ಒಂದು ಒಲೆಯಲ್ಲಿ ಉಂಡಿದ್ದೇವೆ. ಥರ್ಮಾಮೀಟರ್ 27 ತೋರಿಸಿತು. ಕೂಸು ಕೈ ಬಿಚ್ಚಿ ಮಲಗಿತು. ಅಷ್ಟು ಸಾಕು.

ಡಿಸೆಂಬರ್ 24, ಮಂಗಳವಾರ

ಹೀಟರ್ ಎರಡು ಸಲ ನಿಂತುಹೋಯಿತು. ಟಕ್ ಅನ್ನುತ್ತದೆ, ನೀಲಿ ದೀಪ ಆರಿರುತ್ತದೆ. ಗಾಳಿ ಎಲ್ಲಿಂದಲೋ ನುಗ್ಗಿ ಆರಿಸುತ್ತಿದೆ ಅಂತ ನಾನೇ ಹೇಳಿದೆ. ಅತ್ತೆ ಹುಡುಕಿ ಹುಡುಕಿ ಸ್ವಿಚ್ ಬೋರ್ಡಿನ ತೂತಿಗೂ ಹತ್ತಿ ಇಟ್ಟರು.

ಡಿಸೆಂಬರ್ 25, ಬುಧವಾರ

ನಾಲ್ಕು ಸಲ. ಹಚ್ಚುತ್ತೇನೆ, ಒಂದು ಗಂಟೆ ಉರಿಯುತ್ತದೆ, ಟಕ್. ಸಂದಿ ಮುಚ್ಚಿದಷ್ಟೂ ಬೇಗ ಆರುತ್ತಿದೆ. ಏನು ಮಾಯೆಯೋ.

ಸಿಂಚನಳಿಗೆ ತಲೆನೋವು. ಸ್ನಾನಕ್ಕೆ ಹೊರಗೆ ಬಂದಾಗ ಇಳಿಯಿತಂತೆ, ಒಳಗೆ ಹೋದ ಮೇಲೆ ಮತ್ತೆ. "ಎಣ್ಣೆನೀರು ಬಿದ್ದಿದ್ದಕ್ಕೆ ಇಳೀತು. ನಾಳೆ ಇನ್ನೊಂದ್ ಚೆಂಬು ಜಾಸ್ತಿ ಹಾಕ್ತೀನಿ" ಅಂದರು ಅತ್ತೆ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. ದೃಷ್ಟಿಯೇ ಅಂತ ಖಾತ್ರಿಯಾಯಿತು ಅವರಿಗೆ.

ಡಿಸೆಂಬರ್ 26, ಗುರುವಾರ. ಬೆಳಿಗ್ಗೆ 10

ದೇವನಹಳ್ಳಿಯಿಂದ ಸ್ಟೌ ರಿಪೇರಿ ಅಂಬರೀಶ್ ಬಂದಿದ್ದ. ಬಿಚ್ಚಿದ, ಊದಿದ, ತಲೆ ಅಲ್ಲಾಡಿಸಿದ. "ಅಕ್ಕಾ, ಮೆಷೀನ್ ಸೂಪರಾಗಿದೆ. ಈ ಪೈಲಟ್ ಹತ್ರ ಸೆನ್ಸರ್ ಇದೆ ನೋಡಿ, ಇದೇ ಓವರ್ ಆಕ್ಟಿಂಗು. ನಾಳೆ ಒಂದು ಪಾರ್ಟ್ ತಂದು ಬೈಪಾಸ್ ಮಾಡ್ಬಿಡ್ತೀನಿ. ಆಮೇಲೆ ನೀವು ಬೇಡ ಅಂದ್ರೂ ಆರಲ್ಲ."

ಸರಿ ಅಂದೆ.

ಹೊಸ ಮೊಟ್ಟೆ ಬರುವ ಹೊತ್ತಾಯಿತು. ಹೀಟರ್ ಹುಳುಮನೆಗೆ ವಾಪಸು. "ತಗೊಂಡ್ಹೋಗೇ ಆ ಹಾಳು ಮೆಷೀನ್ನ. ಕೂಸಿಗೆ ನನ್ ಅಗ್ಗಿಷ್ಟಿಕೆ ಐತೆ. ಅದು ಟಕ್ಕೂ ಅನ್ನಲ್ಲ, ಪಕ್ಕೂ ಅನ್ನಲ್ಲ" ಅಂದರು ಅತ್ತೆ. ನಾನೂ ಹೂಂಗುಟ್ಟಿ ಬಂದೆ.

ಅದೇ ದಿನ. ಮಧ್ಯಾಹ್ನ 3.40, ಹುಳುಮನೆ

ವಿಚಿತ್ರ. ಹನ್ನೊಂದಕ್ಕೆ ಹಚ್ಚಿದ್ದು. ಒಂದು ಸಲವೂ ಆರಿಲ್ಲ. ಅದೇ ಹೀಟರ್, ಅದೇ ಸಿಲಿಂಡರ್, ಅದೇ ಸೆನ್ಸರ್. ಮೊಗ್ಗಿನಷ್ಟು ನೀಲಿ ಉರಿ ಅಲುಗದೆ ನಿಂತಿದೆ.

ಕೆಳಗಿನ ಕಿಂಡಿಗೆ ಕೈ ಒಡ್ಡಿದೆ. ತಣ್ಣಗೆ ಒಳಗೆ ಬರುತ್ತಿದೆ. ಸ್ಟೂಲು ಹತ್ತಿ ಮೇಲಿನ ಕಿಂಡಿಗೆ ಒಡ್ಡಿದೆ. ಬೆಚ್ಚಗೆ, ಹಸು ಮುಖಕ್ಕೆ ಉಸಿರು ಬಿಟ್ಟ ಹಾಗೆ. ಎಳೆ ಕುಣಿಯುತ್ತಿದೆ. ಇಲ್ಲಿ ಇಷ್ಟು ಗಾಳಿ ನುಗ್ಗುತ್ತಿದೆ, ದೀಪ ಆರುವುದಿಲ್ಲ. ಅಲ್ಲಿ ಇರುವೆಗೂ ದಾರಿಯಿಲ್ಲ, ಅಲ್ಲಿ ಆರುತ್ತದೆ. ಹಾಗಾದರೆ ಆರಿಸಿದ್ದು ಗಾಳಿ ಅಲ್ಲ. ಗಾಳಿ ಇಲ್ಲದೆ ಆರಿದ್ದು. ಕೋಣೆಯಲ್ಲಿ ಉಸಿರು ಮುಗಿಯಿತು ಅಂತ ಆ ಮೆಷೀನು ಮೂರು ದಿನದಿಂದ ಹೇಳುತ್ತಾ

ಅತ್ತೆ ಅಗ್ಗಿಷ್ಟಿಕೆ ಒಳಗೆ ಇಟ್ಟಿ

ಡಿಸೆಂಬರ್ 29, ಭಾನುವಾರ. ಆಸ್ಪತ್ರೆ, ಬೆಳಿಗ್ಗೆ 9

ಇವರ ಕೈಯಲ್ಲಿ ರಿಜಿಸ್ಟರ್ ತರಿಸಿಕೊಂಡೆ. ಕೊನೆಯ ಸಾಲು ಅರ್ಧಕ್ಕೇ ನಿಂತಿದೆ. ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆಯಲ್ಲೇ ಸುತ್ತುತ್ತದೆ.

ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದ್ದೆ. ಅತ್ತೆ ಕೋಣೆ ಬಾಗಿಲ ಆಚೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಾಗಿಲು ದಬ್ಬಿದೆ. ಸಿಂಚನ ಗೋಡೆಗೆ ಒರಗಿದ್ದಳು, ಕಣ್ಣು ಅರ್ಧ ಮುಚ್ಚಿ. ಸೀರೆ ಮೇಲೆ ವಾಂತಿ. "ಅಮ್ಮ… ಕೈ ಎತ್ತಕ್ಕಾಗ್ತಿಲ್ಲ" ಅಂದಳು. ಕೂಸು ತೊಡೆಯ ಮೇಲೆ ಬಾಯಿ ತೆರೆದು ಬಿದ್ದಿತ್ತು. ಅಳು ಇಲ್ಲ, ಚೀಪುವುದಿಲ್ಲ. ಆದರೆ ಮುಖ ಏನು ಬಣ್ಣ! ಎಳೆ ಗುಲಾಬಿ. ಎಷ್ಟು ಚೆನ್ನಾಗಿ ರಕ್ತ ಬಂದಿದೆ ಅನ್ನಿಸಿಬಿಟ್ಟಿತು ಒಂದು ಕ್ಷಣ. ಆ ಕ್ಷಣಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ.

ಮೂಲೆಯಲ್ಲಿ ಕೆಂಡ ಹೊಗೆಯಿಲ್ಲದೆ ಹೊಳೆಯುತ್ತಿತ್ತು. ಏನೂ ಪಾಪ ಗೊತ್ತಿಲ್ಲದ ಹಾಗೆ.

ಕೂಸನ್ನು ಎದೆಗೆ ಒತ್ತಿಕೊಂಡು, ಸಿಂಚನಳ ರಟ್ಟೆ ಹಿಡಿದು ಎಳೆದೆ. "ಬಾಗ್ಲು ಹಾಕೇ! ಶೀತ ಹೊಡೆದ್ಬಿಡ್ತದೆ! ಹಸಿ ಬಾಣಂತೀನ ಆಚೆ ತರ್ತೀಯೇನೇ?" ಅಂತ ಅತ್ತೆ ಅಡ್ಡ ನಿಂತರು, ಎರಡು ಕೈ ಚಾಚಿ.

"ಸುಮ್ನಿರಿ ಅತ್ತೆ! ಸರೀರಿ ಆಕಡೆ!"

ಮೂವತ್ತು ವರ್ಷದಲ್ಲಿ ಮೊದಲನೆಯ ಸಲ. ಅವರೆಕಾಯಿ ಮೊರ ಕಾಲಿಗೆ ತಾಗಿ ಚೆಲ್ಲಾಪಿಲ್ಲಿ. ಅಂಗಳದ ನುಗ್ಗೆಮರದ ಕೆಳಗೆ ಕೂರಿಸಿದೆ. ಕೂಸಿನ ಮುಖವನ್ನು ಗಾಳಿಗೆ ತಿರುಗಿಸಿ ಹಿಡಿದೆ. ಉಸಿರಾಡು ಬಂಗಾರ, ಉಸಿರಾಡು ನನ್ನವ್ವಾ… ಎಷ್ಟು ಸಲ ಅಂದೆನೋ. ನುಗ್ಗೆ ಎಲೆ ಅಲ್ಲಾಡಿತು. ಕೂಸಿನ ಮೂಗಿನ ಹೊಳ್ಳೆ ಅಲ್ಲಾಡಿತು. ಒಂದು ಸಣ್ಣ ಅಳು ಬಂತು, ಬೆಕ್ಕಿನ ಮರಿಯ ಹಾಗೆ. ಅಂಥ ಸದ್ದು ಈ ಜನ್ಮದಲ್ಲಿ ಕೇಳಿಲ್ಲ. ಇವರು ಓಮ್ನಿ ತೆಗೆದರು. ದಾರಿಯುದ್ದಕ್ಕೂ ನಾಲ್ಕೂ ಗ್ಲಾಸು ಇಳಿಸಿ, ಚಳಿಯಲ್ಲಿ. ಅತ್ತೆ ಹಿಂದೆ ಕೂತಿದ್ದರು. ಮುಚ್ಚಿ ಅನ್ನಲಿಲ್ಲ.

ಇಬ್ಬರಿಗೂ ಆಕ್ಸಿಜನ್. ಎರಡನೆಯ ದಿನ ಕೂಸು ಹಾಲು ಚೀಪಿತು.

ಮೇಡಂ ಹೇಳಿದ್ದು: ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತ ಅದನ್ನು ನಿಜವಾದ ಗಾಳಿ ಅಂದುಕೊಂಡು ಅಪ್ಪಿಕೊಳ್ಳುತ್ತದೆ, ಬಿಡುವುದಿಲ್ಲ. ಹೀಟರಿನದು ಕಾವಲಿರುವ ಬೆಂಕಿ, ಕೋಣೆಯ ಗಾಳಿ ಕೆಟ್ಟಾಗ ತಾನೇ ಆರಿ ತಾಯಿ ಮಗು ಇಬ್ಬರನ್ನೂ ಉಳಿಸಿತು. ಕೆಂಡಕ್ಕೆ ಆ ಕಾವಲಿಲ್ಲ. ಇನ್ನೊಂದು ಅರ್ಧ ಗಂಟೆ… ಅಂದು ನಿಲ್ಲಿಸಿದರು.

ಮೊಗ್ಗಿನಷ್ಟು ಉರಿ. ಮೂರು ದಿನದಲ್ಲಿ ಅದೆಷ್ಟು ಸಲ ತಾನು ಸತ್ತು ನಮಗೆ ಹೇಳಿತು! ನಾವು ಅದರ ಬಾಯಿ ಕಟ್ಟಲು ಮೆಕ್ಯಾನಿಕ್ ಕರೆಸಿದೆವು.

ಇನ್ನೊಂದು ಮಾತು. ಮೇಡಂ ಎದ್ದು ಹೊರಟಾಗ ಅತ್ತೆ ಅವರ ಕೋಟು ಹಿಡಿದು ನಿಲ್ಲಿಸಿದರು.

"ಡಾಕ್ಟ್ರಮ್ಮಾ, ಹಿಂಗೆ ಕೆಂಡದಿಂದ ಕೂಸು ಹೋದ್ರೆ… ಮುಖ ಯಾವ ಬಣ್ಣ ಇರ್ತದೆ?"

ಮೇಡಂ ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಕೆಂಪಗೇ ಇರಬಹುದು ಅಜ್ಜಿ. ಚೆನ್ನಾಗಿ ನಿದ್ದೆ ಮಾಡ್ತಿರೋ ಹಾಗೆ."

ಅತ್ತೆ ಕೋಟು ಬಿಟ್ಟರು. ಆವತ್ತಿನಿಂದ ಸರಿಯಾಗಿ ಉಂಡಿಲ್ಲ.

ಡಿಸೆಂಬರ್ 31, ಮಂಗಳವಾರ

ಮನೆ. ಕೂಸು ಎರಡು ಕೆಜಿ ನಲವತ್ತು ಗ್ರಾಂ. ಬಾಣಂತಿ ಕೋಣೆಯ ಕಿಟಕಿ ಬೋಳು ಬೋಳು. ಬಟ್ಟೆ ಎಲ್ಲ ತೆಗೆದಿದ್ದಾರೆ. ಯಾರು ತೆಗೆದರು ಅಂತ ಕೇಳಲಿಲ್ಲ.

ಕೂಸಿನ ಉಸಿರು ಎಣಿಸಿದೆ, ಗಡಿಯಾರ ನೋಡುತ್ತಾ. ನಿಮಿಷಕ್ಕೆ ನಲವತ್ತಾರು. ನನ್ನದು ಹದಿನಾರು. ಅಂಗೈಯಷ್ಟು ಎದೆ, ಅದಕ್ಕೆ ಎಷ್ಟು ಗಾಳಿ ಬೇಕು! ಕಾಣದ ಆ ಗಾಳಿ ಬರುತ್ತಲೇ ಇದೆ, ಯಾರೂ ತಂದು ಹಾಕದೆ. ಐವತ್ತೊಂದು ವರ್ಷ ಉಸಿರಾಡಿದ್ದೇನೆ, ಒಂದು ದಿನವೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಜನವರಿ 2, ಗುರುವಾರ. ಸಂಜೆ 4

ಆದಿನಾರಾಯಣಪ್ಪ ಬಂದರು. ನಡೆದದ್ದು ಕೇಳಿ ತಲೆಯ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕೂತರು.

"ಅವತ್ತು ಫೋನ್ ಬರ್ದೇ ಇದ್ದಿದ್ರೆ ಪೂರ್ತಿ ಹೇಳ್ತಿದ್ದೆ ಕಣಮ್ಮಾ. ಆ ದೀಪ ಗಾಳಿ ಬಂದಿದ್ದಕ್ಕಲ್ಲ ಆರೋದು ಜಾಸ್ತಿ, ಗಾಳಿ ಸಾಲದ್ದಕ್ಕೆ."

"ನಾನು ಕೇಳ್ಬೇಕಿತ್ತು ಅಣ್ಣಾ."

ಅದೇ ಹೊತ್ತಿಗೆ ಅಂಬರೀಶ್ ಕೂಡ ಬಂದ, ಬೈಪಾಸ್ ಪಾರ್ಟ್ ಜೇಬಲ್ಲಿಟ್ಟುಕೊಂಡು. "ಲೇ, ನಿನ್ ಮೂಗು ಓವರ್ ಆಕ್ಟಿಂಗ್ ಅಂತ ಕುಯ್ದ್ ಹಾಕ್ತೀಯೇನೋ?" ಅಂತ ಶುರು ಮಾಡಿದವರು ಕಾಲು ಗಂಟೆ ನಿಲ್ಲಿಸಲಿಲ್ಲ. ಅಂಬರೀಶ್ ಪಾರ್ಟನ್ನು ತೆಗೆದು ತಾನೇ ಕಲ್ಲಿನಿಂದ ಜಜ್ಜಿದ. ಪಾಪ, ಅವನಿಗೂ ಗೊತ್ತಿರಲಿಲ್ಲ. ಕಣ್ಣು ತುಂಬಿತ್ತು.

ಮಲಗುವ ಕೋಣೆಗೆ ಈ ಹೀಟರ್ ಬೇಡವೇ ಬೇಡ ಅಂದರು ಆದಿನಾರಾಯಣಪ್ಪ. ಹುಳುಮನೆಯದು ಅಲ್ಲೇ ಇರಲಿ ಅಂತ, ಇಂಥದೇ ಇನ್ನೊಂದು ತಂದು ಪಡಸಾಲೆಯಲ್ಲಿ ಕೂರಿಸಿದರು. ಪರದೆಯಿಂದ, ಮಂಚದಿಂದ ಮೂರು ಮೂರು ಅಡಿ ದೂರ. ಬೀದಿ ಕಡೆ ಗೋಡೆಯಲ್ಲಿ ಕೆಳಗೊಂದು ಕಿಂಡಿ, ಹಿತ್ತಿಲ ಕಡೆ ಮೇಲೊಂದು ಕಿಂಡಿ, ಎರಡಕ್ಕೂ ಇಲಿ ಬರದ ಹಾಗೆ ಜಾಲರಿ. ಕೋಣೆ ಬಾಗಿಲು ತೆರೆದಿಟ್ಟರೆ ಶಾಖ ತಾನೇ ಒಳಗೆ ಹೋಗುತ್ತದೆ. ಮಲಗುವ ಮುಂಚೆ ಆರಿಸಬೇಕು, ಸಿಲಿಂಡರೂ ಬಂದ್ ಮಾಡಬೇಕು. ಪದೇ ಪದೇ ಆರಿದರೆ ಮತ್ತೆ ಹಚ್ಚಬಾರದು, ಮೊದಲು ಎದ್ದು ಹೊರಗೆ ಬರಬೇಕು. ನಂದೀಶ್ ವಿಷಗಾಳಿ ಕಂಡರೆ ಕೂಗುವ ಒಂದು ಅಲಾರಂ ತಂದು ಗೋಡೆಗೆ ಹೊಡೆದ. ಪರೀಕ್ಷೆಗೆ ಗುಂಡಿ ಒತ್ತಿದ, ಬೀದಿ ನಾಯಿಗಳೆಲ್ಲ ಬೊಗಳಿದವು.

"ಹಳೇ ಹೆಂಚಿನ ಮನೆ ತಾನೇ ಉಸಿರಾಡ್ತಿತ್ತು. ನೀವೆಷ್ಟು ಮುಚ್ಚಿದ್ರೂ ಹೆಂಚಿನ ಸಂದೀಲಿ ಗಾಳಿ ಬರ್ತಿತ್ತು. ಈ ಆರ್‌ಸಿಸಿ ಡಬ್ಬ ಕಣಮ್ಮಾ. ಹಳೇ ಮಾಳಿಗೆ ಮನೆನೂ ಅಷ್ಟೇ, ಮಣ್ಣು ಮುಚ್ಚಿದ್ದು, ಗಾಳಿ ಆಡ್ತಿರ್ಲಿಲ್ಲ" ಅಂದರು ಆದಿನಾರಾಯಣಪ್ಪ.

ಅತ್ತೆ ಕಂಬಕ್ಕೆ ಒರಗಿ ಕೇಳಿಸಿಕೊಳ್ಳುತ್ತಿದ್ದರು. "ಮಾಳಿಗೆ ಮನೆ…" ಅಂದರು. ಎದ್ದು ಒಳಗೆ ಹೋದರು.

ಜನವರಿ 3, ಶುಕ್ರವಾರ. ಬೆಳಿಗ್ಗೆ 11

ಸಿಂಚನ ಇನ್ನೂ ನಿತ್ರಾಣ. ಕೂಸನ್ನು ಎದೆಗೆ ಅಪ್ಪಿಕೊಳ್ಳಲು ಒಂದೊಂದು ಸಲ ಕೈ ಸೋಲುತ್ತದೆ. ಮನೆಯವರು ಯಾರಾದರೂ ಆಗುತ್ತದೆ ಅಂದಿದ್ದರು ಮೇಡಂ, ಚರ್ಮಕ್ಕೆ ಚರ್ಮ ತಾಗಬೇಕು. ನಾನು ಹುಳುಮನೆಯಿಂದ ಬರುವಷ್ಟರಲ್ಲಿ ಅತ್ತೆ ಕುಪ್ಪಸ ಬಿಚ್ಚಿ, ಕೂಸನ್ನು ಬರಿ ಎದೆಗೆ ಒತ್ತಿಕೊಂಡು, ಮೇಲೆ ಸೆರಗು ಸುತ್ತಿ ಕೂತಿದ್ದರು. ತೆರೆದ ಬಾಗಿಲ ಪಕ್ಕದಲ್ಲೇ! ಎಂಬತ್ತು ವರ್ಷದ ಸುಕ್ಕು ಎದೆ, ಇಪ್ಪತ್ತು ದಿನದ ಕೆನ್ನೆ.

ಹುಳುಮನೆಯ ಥರ್ಮಾಮೀಟರ್ ಕೈಯಲ್ಲೇ ಇತ್ತು. ಮೆಲ್ಲಗೆ ಸೆರಗಿನೊಳಗೆ ಇಟ್ಟೆ. 36. ಗ್ಯಾಸಿಲ್ಲ, ಇದ್ದಿಲಿಲ್ಲ, ರಾಗಿಮುದ್ದೆ ಉಂಡ ಒಂದು ಮೈ. ಎಲ್ಲಕ್ಕಿಂತ ಒಳ್ಳೆಯ ಹೀಟರ್ ಮನೆಯಲ್ಲೇ ಇತ್ತಲ್ಲ.

"ಏನೇ ಅದು, ನಂಗೆ ಸೊಪ್ಪು ಹಾಕ್ತೀಯಾ?" ಅಂದರು ಅತ್ತೆ. ಸಿಂಚನ ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ಕೇಳಿ.

ಜನವರಿ 5, ಭಾನುವಾರ. ಬೆಳಿಗ್ಗೆ 10.30

ಪಡಸಾಲೆ 26. ಮೇಲಿನ ಕಿಂಡಿ ತೆರೆದಿದೆ. ಕೆಳಗಿನದೂ. ಎರಡಕ್ಕೂ ರೇಷ್ಮೆ ಎಳೆ ಕಟ್ಟಿದ್ದಾಯಿತು. ಬೆಳಿಗ್ಗೆ ಎದ್ದ ಕೂಡಲೇ ಅತ್ತೆ ಮೊದಲು ಅದನ್ನು ನೋಡುತ್ತಾರೆ, ಆಮೇಲೆ ದೇವರ ಫೋಟೋ.

ಇದನ್ನು ಬರೆಯಲು ಕೂತಾಗ ಅತ್ತೆ ಬಂದರು. ಕೈಯಲ್ಲಿ ಆ ಬಟ್ಟೆ ಗಂಟು. ಒಗೆದು, ಒಣಗಿಸಿ, ಮಡಿಸಿದ್ದಾರೆ. "ಹುಳುಮನೆ ಟ್ರೇ ಒರೆಸೋಕೆ ಇಟ್ಕೋ. ಇನ್ ಇದ್ರ ಕೆಲ್ಸ ಇಲ್ಲ." ಕೊಟ್ಟರು, ಹೋಗಲಿಲ್ಲ. ನನ್ನ ಪಕ್ಕ ನೆಲದ ಮೇಲೆ ಕೂತರು.

ಹೇಳಿದರು. ಹೆಚ್ಚು ಹೊತ್ತೇನಲ್ಲ. ನಮ್ಮ ಯಜಮಾನರು ಹುಟ್ಟುವ ನಾಲ್ಕು ವರ್ಷ ಮುಂಚೆ ಒಂದು ಹೆಣ್ಣು ಹುಟ್ಟಿತ್ತಂತೆ. ದೊಡ್ಡಬೆಳವಂಗಲದಲ್ಲಿ, ಅವರ ತವರಿನ ಮಾಳಿಗೆ ಮನೆಯಲ್ಲಿ. ಪುಷ್ಯದ ಚಳಿ.

"ಅವ್ವ ಕೆಂಡ ಇಟ್ಟಿದ್ಲು. ನಾನೇ ಅಂದೆ, ಚಳಿ ಅವ್ವಾ, ಬೆಳಕಿಂಡಿಗೆ ಬಟ್ಟೆ ತುರುಕು ಅಂತ. ಅಷ್ಟೇ ನೆಪ್ಪು. ಎರಡು ದಿನ ನಂಗೆ ಎಚ್ರ ಇರ್ಲಿಲ್ವಂತೆ. ಎದ್ದಾಗ ಕೂಸು ಇರ್ಲಿಲ್ಲ. ಶೀತ ಹೊಕ್ಕು ಹೋಯ್ತು ಅಂದ್ರು ಎಲ್ಲಾ. ಎತ್ಕೊಂಡು ಹೋಗಿದ್ದೋರು ಹೇಳಿದ್ರು… ಗುಲಾಬಿ ಹಂಗಿತ್ತಂತೆ ಮುಖ."

ನಾನು ಪೆನ್ನು ಕೆಳಗಿಟ್ಟೆ.

"ಅವತ್ತಿಂದ ಒಂದ್ ಸಂದಿ ಬಿಟ್ಟಿಲ್ಲ ಕಣೇ ನಾನು. ಯಾರ ಮನೇಲಿ ಬಾಣಂತಿ ಇದ್ರೂ. ಶೀತ ಇನ್ನೊಂದ್ ಕೂಸ್ನ ಮುಟ್ಬಾರ್ದು ಅಂತ." ಆಮೇಲೆ ನನ್ನ ಕಡೆ ತಿರುಗಿ, "ನಾನೇ ಅಲ್ವೇನೇ, ಪ್ರಮೋದಾ?"

ಅಲ್ಲ ಅನ್ನಬಹುದಿತ್ತು. ಸುಳ್ಳು ಅವರಿಗೆ ಬೇಕಿರಲಿಲ್ಲ. "ನಿಮಗೆ ಹೇಳೋರು ಯಾರೂ ಇರ್ಲಿಲ್ಲ ಅತ್ತೆ. ನಂಗೆ ಹೇಳಿದ್ರು. ಎರಡು ಕಿಂಡಿ ಅಂತ ಗೋಡೆ ಕೊರ್ದು ತೋರ್ಸಿದ್ರು. ಆದ್ರೂ ನಾನು ಬಾಯಿ ಮುಚ್ಕೊಂಡಿದ್ದೆ."

ನನ್ನ ಕೈ ಹಿಡಿದುಕೊಂಡರು. ಬೆರಳು ತಣ್ಣಗಿತ್ತು. ಇಬ್ಬರೂ ಅತ್ತೆವು, ಸದ್ದಿಲ್ಲದೆ, ಕೂಸು ಮಲಗಿತ್ತು ಅಂತ. ಅರವತ್ತು ವರ್ಷ ಈ ಜೀವ ಅದನ್ನು ಒಳಗೇ ಇಟ್ಟುಕೊಂಡು, ಊರಿನ ಕೂಸುಗಳಿಗೆಲ್ಲ ಎಣ್ಣೆ ನೀವಿ, ನೀರು ಹಾಕಿ, ಜೋಗುಳ ಹಾಡಿದೆ. ಅತ್ತೆಯ ಜೊತೆ ಒಂದೇ ಒಲೆಯಲ್ಲಿ ಉಂಡೂ ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಸೆರಗಿನಿಂದ ಮುಖ ಒರೆಸಿ ರಿಜಿಸ್ಟರಿನ ಕಡೆ ಗದ್ದ ತೋರಿಸಿದರು.

"ಅದ್ರಲ್ಲಿ ಎಲ್ಲಾ ಬರೀತೀಯಲ್ಲ. ಹುಳ ಎದ್ದಿದ್ದು, ಹುಳ ಮಲಗಿದ್ದು. ಆ ಕೂಸಿಂದೂ ಒಂದ್ ಸಾಲು ಬರಿಯೇ. ಎಲ್ಲೂ ಬರ್ದಿಲ್ಲ ಅದನ್ನ."

ರಿಜಿಸ್ಟರ್ ತಿರುಗಿಸಿದೆ. ಹಿಂದಿನಿಂದ ಅಲ್ಲ, ಮುಂದಿನಿಂದ, ಶಾಖ ತೇವ ಬರೆಯುವ ಕಡೆ ಬರಿ ಅಂದರು. ಎಲ್ಲರಿಗೂ ಕಾಣುವ ಕಡೆ. ಅಲ್ಲಿ ಬರೆದದ್ದನ್ನೇ ಇಲ್ಲಿಯೂ ಬರೆದುಕೊಳ್ಳುತ್ತಿದ್ದೇನೆ.

ಗಂಗಲಕ್ಷ್ಮಮ್ಮನವರ ಮೊದಲ ಮಗು. ಹೆಣ್ಣು. ದೊಡ್ಡಬೆಳವಂಗಲ, ಪುಷ್ಯ ಮಾಸ. ಇದ್ದದ್ದು ಹನ್ನೊಂದು ದಿನ.

ಹೆಸರು ಏನು ಬರೆಯಲಿ ಅಂದೆ. ಇಟ್ಟಿರಲಿಲ್ಲ, ಹೋದ ದಿನವೇ ನಾಮಕರಣ ಆಗಬೇಕಿತ್ತು ಅಂದರು. ಈಗ ಇಡಿ ಅತ್ತೆ ಅಂದೆ. ನನ್ನ ಮುಖ ನೋಡಿದರು. ಮೇಲಿನ ಕಿಂಡಿ ಕಡೆ ನೋಡಿದರು. ಎಳೆ ಮೆಲ್ಲಗೆ ಅಲ್ಲಾಡುತ್ತಿದೆ. "ತಡಿ, ಯೋಚ್ನೆ ಮಾಡ್ತೀನಿ" ಅಂತ ಕೂತಿದ್ದಾರೆ, ತುಟಿ ಅಲ್ಲಾಡಿಸುತ್ತಾ, ಒಂದೊಂದಾಗಿ ಹೆಸರು ಹೇಳಿಕೊಳ್ಳುತ್ತಾ. ಪೆನ್ನು ಹಿಡಿದು ಕಾಯುತ್ತಿದ್ದೇನೆ.

ಹೆಸರು: